ಗೆಳತಿಯಿಂದ ಬಚ್ಚಿಟ್ಟ ಸಲಹೆ

ನಾನು ಕೌನ್ಸೆಲರ್. ಹೊಟ್ಟೆಕಿಚ್ಚಿನ ಕಥೆಗಳನ್ನು ದಿನಾ ಕೇಳುತ್ತೇನೆ. ಆದರೆ ಅದು ಆ ಹೆಸರಲ್ಲಿ ಬರುವುದೇ ಇಲ್ಲ. "ಅವನಿಗೆ ಅಷ್ಟು ಯೋಗ್ಯತೆ ಎಲ್ಲಿದೆ?" ಅಂತ ಬರುತ್ತದೆ. "ನನಗೇನೂ ಇಲ್ಲಪ್ಪ, ಆದ್ರೆ ಇದು ನ್ಯಾಯ ಅಲ್ಲ ಅಲ್ವಾ?" ಅಂತ ಬರುತ್ತದೆ. ಕೋಪ ಬಂತು, ಭಯ ಆಯಿತು ಅಂತ ಜನ ಸಲೀಸಾಗಿ ಹೇಳಿಕೊಳ್ಳುತ್ತಾರೆ. ನನಗೆ ಹೊಟ್ಟೆ ಉರಿಯಿತು ಅಂತ ಒಪ್ಪಿಕೊಂಡವರು ಬೆರಳೆಣಿಕೆಯಷ್ಟು ಮಂದಿ. ನಾನೂ ಒಪ್ಪಿಕೊಂಡಿರಲಿಲ್ಲ.

ನನ್ನ ಜೊತೆಗೇ ತರಬೇತಿ ಮುಗಿಸಿದ ಗೆಳತಿ ಒಬ್ಬಳಿದ್ದಾಳೆ. ಒಂದೇ ಬೆಂಚು, ಹೆಚ್ಚುಕಮ್ಮಿ ಒಂದೇ ಅಂಕ. ಕೆಲವು ವರ್ಷಗಳಲ್ಲಿ ಅವಳನ್ನು ದೊಡ್ಡ ಸಭೆಗಳಿಗೆ ಮಾತಾಡಲು ಕರೆಯತೊಡಗಿದರು. ಅದೇ ಹೊತ್ತಿಗೆ ನನ್ನೊಳಗೆ ಒಬ್ಬ ವಿಮರ್ಶಕಿ ಹುಟ್ಟಿಕೊಂಡಳು. ಗೆಳತಿಯ ಮಾತು ತೆಳು, ಉದಾಹರಣೆ ಹಳೆಯವು, ನಗಿಸುವುದು ಜಾಸ್ತಿ. ಇದೆಲ್ಲ ನನ್ನ ನಿಷ್ಪಕ್ಷಪಾತ ಅಭಿಪ್ರಾಯ ಅಂತಲೇ ನಂಬಿದ್ದೆ.

ಒಂದು ದಿನ ಅವಳು ಭಾಷಣದ ಕರಡು ಕಳಿಸಿ "ನೋಡಿ ಹೇಳೇ" ಅಂದಳು. ಮೊದಲ ನಾಲ್ಕು ಪುಟ ಬರೀ ವಿವರಣೆ. ಕೊನೆಯಲ್ಲಿ ಒಂದು ಪುಟ್ಟ ಘಟನೆ ಇತ್ತು. ಅದನ್ನು ಎತ್ತಿ ಮೊದಲಿಗೆ ಇಟ್ಟರೆ ಇಡೀ ಭಾಷಣಕ್ಕೆ ಜೀವ ಬರುತ್ತಿತ್ತು. ಓದುತ್ತಲೇ ನನಗೆ ಅದು ಹೊಳೆಯಿತು. ನಾನು ಎರಡು ಕಾಗುಣಿತದ ತಪ್ಪು ತಿದ್ದಿ, "ಚೆನ್ನಾಗಿದೆ" ಅಂತ ಬರೆದು ವಾಪಸ್ ಕಳಿಸಿದೆ.

ರಾತ್ರಿ ಮಲಗಿದಾಗ ನೆನಪಾಗಿದ್ದು, ನಾನೇ ಎಷ್ಟೋ ಸಲ ಪಾಠ ಮಾಡಿದ್ದ ಒಂದು ಪ್ರಯೋಗ. ಟೆಸರ್ ಮತ್ತು ಸ್ಮಿತ್ ಎಂಬ ಮನಶ್ಶಾಸ್ತ್ರಜ್ಞರು 1980ರಲ್ಲಿ ಪ್ರಕಟಿಸಿದ್ದು. ಪದ ಊಹಿಸುವ ಆಟ. ಎದುರಿಗಿರುವವರಿಗೆ ಸುಳಿವು ಕೊಡಬೇಕು; ಸುಲಭದ್ದು ಕೊಡಬಹುದು, ಕಷ್ಟದ್ದೂ ಕೊಡಬಹುದು. ಇದು ಸುಮ್ನೆ ಆಟ ಅಂದಾಗ ಜನ ಗೆಳೆಯರಿಗೆ ಸುಲಭದ ಸುಳಿವು ಕೊಟ್ಟರು. ಇದು ಮುಖ್ಯವಾದ ಸಾಮರ್ಥ್ಯಗಳನ್ನು ಅಳೆಯುತ್ತದೆ ಅಂದಾಗ ಲೆಕ್ಕ ತಿರುಗಿತು. ಅಪರಿಚಿತರಿಗಿಂತ ಗೆಳೆಯರಿಗೇ ಕಷ್ಟದ ಸುಳಿವು! ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆ ರಾತ್ರಿ ನಗು ಬರಲಿಲ್ಲ.

ಹತ್ತಿರದವರ ಮೇಲೇ ಈ ಉರಿ ಜಾಸ್ತಿ. ಸತ್ತು ಸಾವಿರಾರು ವರ್ಷವಾದವರ ಜೊತೆ ಯಾರೂ ಪೈಪೋಟಿಗೆ ಇಳಿಯುವುದಿಲ್ಲ ಅಂತ ಅರಿಸ್ಟಾಟಲ್ ಆಗಲೇ ಹೇಳಿದ್ದ. ಎಲ್ಲೋ ಇರುವ ಪ್ರಖ್ಯಾತ ಭಾಷಣಕಾರರನ್ನು ಕಂಡರೆ ನನಗೆ ಏನೂ ಅನ್ನಿಸುವುದಿಲ್ಲ. ನನ್ನ ಬೆಂಚಿನಲ್ಲೇ ಕೂತಿದ್ದವಳು ಅಂದಾಗ ಮಾತ್ರ "ಹಾಗಾದ್ರೆ ನಾನೇಕೆ ಅಲ್ಲ?" ಅನ್ನುವ ಪ್ರಶ್ನೆ ಏಳುತ್ತದೆ.

ಮೊದಲು ಸಮಾಧಾನದ ದಾರಿ ಹಿಡಿದೆ. ನನ್ನ ಬದುಕಲ್ಲಿ ಇರುವ ಒಳ್ಳೆಯದನ್ನೆಲ್ಲ ಪಟ್ಟಿ ಮಾಡಿದೆ. ಪ್ರಯೋಜನ ಆಗಲಿಲ್ಲ. ಆಮೇಲೆ "ಅವಳಿಗೂ ಕಷ್ಟ ಇದೆ ಬಿಡು" ಅಂದುಕೊಂಡೆ. ಇದು ಇನ್ನೂ ಕೆಟ್ಟದ್ದು. ಅವಳ ಕಷ್ಟಗಳನ್ನು ಹುಡುಕುತ್ತಾ ಹೋದಂತೆ ಒಳಗೆ ಏನೋ ಖುಷಿ. ಜಪಾನಿನ ಸಂಶೋಧಕರು 2009ರಲ್ಲಿ ಮೆದುಳಿನ ಸ್ಕ್ಯಾನ್ ಮಾಡಿ ನೋಡಿದ್ದು ಇದನ್ನೇ: ಹೊಟ್ಟೆಕಿಚ್ಚು ಪಡುವಾಗ ನೋವಿಗೆ ಸಂಬಂಧಿಸಿದ ಭಾಗ ಚುರುಕಾಗುತ್ತದೆ. ಆ ವ್ಯಕ್ತಿಗೆ ಕೆಟ್ಟದ್ದಾದರೆ, ಬಹುಮಾನ ಸಿಕ್ಕಾಗ ಚುರುಕಾಗುವ ಭಾಗ. ಈಗ ನನ್ನ ಹತ್ತಿರ ಬರುವವರಿಗೆ ಆ ಸಮಾಧಾನ ಹೇಳುವುದನ್ನು ಬಿಟ್ಟಿದ್ದೇನೆ.

ಕೆಲಸಕ್ಕೆ ಬಂದಿದ್ದು ಒಂದು ನೋಟ್‌ಬುಕ್. ಉರಿ ಎದ್ದಾಗಲೆಲ್ಲ ಒಂದೇ ಪ್ರಶ್ನೆ: ಅವಳ ಹತ್ತಿರ ಇರುವುದರಲ್ಲಿ ನನಗೆ ಬೇಕಾಗಿರುವುದು ಯಾವುದು? ಮೊದಲ ದಿನ "ಎಲ್ಲಾ" ಅಂತ ಬರೆದೆ. ಮಾರನೇ ದಿನ ಬಿಡಿಸಿ ನೋಡಿದೆ. ಪ್ರಯಾಣ ಬೇಕಾ? ಬೇಡ, ನನಗೆ ಮನೆ ಬಿಟ್ಟರೆ ನಿದ್ದೆ ಬರುವುದಿಲ್ಲ. ಸಾವಿರ ಜನರ ಮುಂದೆ ನಿಲ್ಲುವುದು? ಅಯ್ಯೋ, ಬೇಡವೇ ಬೇಡ. ಹೊಗಳಿಕೆ? ಬೇಕು, ಆದರೆ ಅದಕ್ಕೂ ಒಳಗೆ ಇನ್ನೊಂದಿತ್ತು. ಒಂದು ವಾರ ಬರೆದ ಮೇಲೆ ಅದು ಸಿಕ್ಕಿತು. ನಾನು ಹೇಳಿದ ಮಾತನ್ನು ಯಾರಾದರೂ ಇನ್ನೊಬ್ಬರಿಗೆ ಹೇಳಬೇಕು. ಅಷ್ಟೇ. ಅದಕ್ಕೆ ವೇದಿಕೆ ಬೇಕಾಗಿಲ್ಲ. ಬರೆಯಬಹುದು. ನಾನು ಬರೆಯಲು ಶುರುಮಾಡಿದ್ದೇ ಹೀಗೆ.

ಉರಿ ಪೂರ್ತಿ ಹೋಯಿತಾ? ಇಲ್ಲ. ಆದರೆ ಜಾತಿ ಬದಲಾಯಿತು. ಡಚ್ ಭಾಷೆಯಲ್ಲಿ ಇದಕ್ಕೆ ಎರಡು ಬೇರೆ ಪದಗಳೇ ಇವೆ. ಒಂದು, ಎದುರಿನವರನ್ನು ಕೆಳಕ್ಕೆ ಎಳೆಯುವ ಅಸೂಯೆ. ಇನ್ನೊಂದು, ನಾನೂ ಮೇಲೆ ಹೋಗಬೇಕು ಅನ್ನಿಸುವ ಅಸೂಯೆ. ನಮ್ಮಲ್ಲಿ ಎರಡಕ್ಕೂ ಹೊಟ್ಟೆಕಿಚ್ಚೇ. ನಾನು ಕಂಡುಕೊಂಡ ಒರೆಗಲ್ಲು ಇಷ್ಟು: "ನಿನ್ನ ನೋಡಿ ಹೊಟ್ಟೆ ಉರೀತಿದೆ ಕಣೇ" ಅಂತ ಮುಖಕ್ಕೇ ನಗುತ್ತಾ ಹೇಳಲು ಆಗುತ್ತದೋ ಇಲ್ಲವೋ.

ಭಾಷಣಕ್ಕೆ ಮೂರು ದಿನ ಇದ್ದಾಗ ಅವಳಿಗೆ ಫೋನ್ ಮಾಡಿದೆ. ಆ ಘಟನೆಯನ್ನು ಮೊದಲಿಗೆ ತಗೋ ಅಂದೆ. ಆವತ್ತೇ ಯಾಕೆ ಹೇಳಲಿಲ್ಲ ಅನ್ನುವುದನ್ನೂ ಹೇಳಿದೆ. ನಗುವುದಕ್ಕೇನೂ ಆಗಲಿಲ್ಲ, ಧ್ವನಿ ನಡುಗುತ್ತಿತ್ತು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಒಂದೇ ಪದ ಬರೆದು ಕಳಿಸಿದಾಗಲೇ ಅನ್ನಿಸ್ತು ಕಣೇ," ಅಂದಳು. "ನೀನು ಒಂದೇ ಪದಕ್ಕೆ ಬಿಡೋಳಲ್ಲ. ಸರಿ, ಇನ್ನೇನೇನು ಬಚ್ಚಿಟ್ಟಿದ್ದೀಯ ಹೇಳು."

ಇನ್ನೂ ಎರಡಿದ್ದವು. ಹೇಳಿದೆ.