ಮೀನಿನ ಹುಳು ಎಣಿಸಿ ಹೊಳೆಯ ಆರೋಗ್ಯ ಅಳೆದದ್ದು

‘ಮೀನಲ್ಲಿ ಹುಳ ಇದ್ದರೆ ಹೊಳೆ ಕೆಟ್ಟಿದೆ ಅಂತ ತಾನೇ?’ ತುಂಗೆಯ ಮೀನು ಕೊಯ್ಯಲು ಶುರು ಮಾಡಿದಾಗ ಎಲ್ಲರೂ ಕೇಳಿದ್ದು ಇದನ್ನೇ. ಅಲ್ಲ. ನೋಡಬೇಕಾದ್ದು ಎಷ್ಟು ಹುಳ ಎಂದಲ್ಲ, ಯಾವ ಹುಳ ಎಂದು. ಡೈಜೀನಿಯನ್ ಎಂಬ ಚಪ್ಪಟೆ ಪರಾವಲಂಬಿ ಹುಳುವಿನ ಬದುಕು ಪೂರ್ತಿಯಾಗಲು ಬಸವನಹುಳು, ಮೀನು, ಎಷ್ಟೋ ಜಾತಿಗಳಿಗೆ ಕೊಕ್ಕರೆಯೂ ಬೇಕು. ಅದು ಸಿಕ್ಕಿತೆಂದರೆ ಆ ಸರಪಳಿ ಇನ್ನೂ ಕಡಿದಿಲ್ಲ. ಕರುಳಿನಲ್ಲಿ ಹುಳವೇ ಇಲ್ಲ, ಕಿವಿರಿನಲ್ಲಿ ಮಾತ್ರ ಟ್ರೈಕೊಡೈನಾ (ಕೊಳಕು ನೀರಲ್ಲಿ ಹೆಚ್ಚುವ ಏಕಕೋಶ ಜೀವಿ) ಕಿಕ್ಕಿರಿದಿದ್ದರೆ ಮೇಲ್ಗಡೆ ಚರಂಡಿ ಹುಡುಕಿ. ಶಿವಮೊಗ್ಗದ ಮೇಲೊಂದು, ಕೆಳಗೊಂದು ಜಾಗ ಹಿಡಿದು ಹೋಲಿಸಿದಾಗ ಈ ವ್ಯತ್ಯಾಸ ಎದ್ದು ಕಂಡಿತು. ಅನುಮಾನಪಟ್ಟವರೇ ಈಗ ವಿಧಾನ ಕೇಳುತ್ತಿದ್ದಾರೆ.

ಐಸ್ ಹಾಕಿದ ಮಾರ್ಕೆಟ್ ಮೀನು ಬೇಡವೇ ಬೇಡ. ಮೀನು ಸತ್ತ ಕೆಲವೇ ಗಂಟೆಗಳಲ್ಲಿ ಕಿವಿರಿನ ಹುಳು ಕಳಚುತ್ತವೆ, ಕೊಳೆಯುತ್ತವೆ. ದಡದಲ್ಲೇ ಜೀವಂತ ಕೊಂಡರೆ ಕಿಲೋಗೆ ನೂರು ರೂಪಾಯಿಯಷ್ಟು ಹೆಚ್ಚು ಬೀಳುತ್ತದೆ, ಕೊಡಿ. ಒಂದೊಂದು ಮೀನಿಗೂ ಬೇರೆ ಚೀಲ. ಒಟ್ಟಿಗೆ ತುಂಬಿದರೆ ಟ್ರೈಕೊಡೈನಾ ಒಂದರಿಂದ ಇನ್ನೊಂದಕ್ಕೆ ಹತ್ತಿ ಲೆಕ್ಕ ಕೆಡುತ್ತದೆ. ಜಾಗಕ್ಕೆ ಮೂವತ್ತು ಮೀನು, ಒಂದೇ ಜಾತಿ, ಹೆಚ್ಚುಕಡಿಮೆ ಒಂದೇ ಉದ್ದ. ದೊಡ್ಡ ಮೀನಿನಲ್ಲಿ ಹುಳು ಹೇಗೂ ಜಾಸ್ತಿ.

ಮರಲ್ ಮೀನಿನ ಕರುಳಿನ ಮುಳ್ಳುತಲೆ ಹುಳುವನ್ನು ಚಿಮಟದಿಂದ ಎಳೆಯಬೇಡಿ, ಮೂತಿ ಕರುಳಿನಲ್ಲೇ ಮುರಿದು ಉಳಿಯುತ್ತದೆ. ಸುತ್ತಲ ಕರುಳು ಬಿಡಿಸಿ, ಬರೀ ನಲ್ಲಿ ನೀರಲ್ಲಿ ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ನೀರು ಒಳಸೇರಿ ಹುಳು ಉಬ್ಬುತ್ತದೆ, ಒಳಗೆಳೆದುಕೊಂಡ ಮೂತಿ ಹೊರಚಾಚುತ್ತದೆ. ಕೊಕ್ಕೆಗಳ ಸಾಲು ಎಣಿಸುವಷ್ಟು ಸ್ಪಷ್ಟ. ಆಮೇಲೆ ಶೇ. 70 ಆಲ್ಕೋಹಾಲ್. ಆಗ ಮೂತಿ ಮತ್ತೆ ಒಳಸರಿಯದಂತೆ ಮಾಡುವ ಉಪಾಯ ಸದ್ಯಕ್ಕೆ ನನ್ನಲ್ಲೇ ಇರಲಿ.

ಈ ಹುಳು ಸೀಸವನ್ನು ಹೀರಿಕೊಳ್ಳುವುದರಲ್ಲಿ ಎತ್ತಿದ ಕೈ. ಜರ್ಮನಿಯ ರೂರ್ ನದಿಯಲ್ಲಿ ಮೀನಿನ ಮಾಂಸಕ್ಕಿಂತ ಹುಳುವಿನಲ್ಲಿ ಎರಡು ಸಾವಿರ ಪಟ್ಟಿಗೂ ಹೆಚ್ಚು ಸಿಕ್ಕಿತ್ತು. ಲೋಹ ಪರೀಕ್ಷೆಗೆ ಎತ್ತಿಡುವ ಹುಳುವಿಗೆ ಪ್ಲಾಸ್ಟಿಕ್ ಚಿಮಟವೇ ಆಗಬೇಕು, ಫಾರ್ಮಲಿನ್ ಸೋಕಬಾರದು. ಮಾದರಿಗೆ ಸುಮಾರು ಎರಡು ಸಾವಿರ ರೂಪಾಯಿ ಖರ್ಚು, ಹಾಗಾಗಿ ಒಂದು ಜಾಗದ ಹುಳುಗಳನ್ನೆಲ್ಲ ಒಟ್ಟುಗೂಡಿಸಿ ಕಳಿಸುವುದೇ ವಾಸಿ.

ಜೊತೆಗೆ ಬಸವನಹುಳುವನ್ನೂ ನೋಡಿದೆ. ಲೋಟಕ್ಕೊಂದು ಹಾಕಿ, ಕ್ಲೋರಿನ್ ಇಲ್ಲದ ನೀರು ತುಂಬಿ, ಬಲ್ಬಿನ ಬೆಳಕಲ್ಲಿ ಎರಡು ಗಂಟೆ ಇಟ್ಟರೆ ಸೋಂಕಿರುವ ಬಸವನಹುಳುವಿನಿಂದ ಡೈಜೀನಿಯನ್ ಹುಳುವಿನ ಮರಿಗಳು (ಸರ್ಕೇರಿಯಾ) ಹೊರಬರುತ್ತವೆ. ಹಿಂದೆ ಕಪ್ಪು ಕಾಗದ ಹಿಡಿದರೆ ಬರಿಗಣ್ಣಿಗೇ ಕಾಣುತ್ತವೆ. ಆದರೆ ಮಳೆಗಾಲದಲ್ಲಿ ಮೀನಿನ ಲೆಕ್ಕ ಹಿಡಿಯಬೇಡಿ, ಏರುನೀರಿನಲ್ಲಿ ಓಡಾಡುವ ಮೀನು ಯಾವ ಜಾಗದ್ದೆಂದು ಹೇಳಲಾಗುವುದಿಲ್ಲ.