ನ್ಯೂಯಾರ್ಕಿನ ಸಣ್ಣ ನಾಟಕಗಳು: ತುಮಕೂರು ಕಡೆಯಿಂದ ಬಂದ ಹೊಸಬರಿಗೆ

ತುಮಕೂರು, ಗುಬ್ಬಿ, ತಿಪಟೂರು ಕಡೆಯಿಂದ ನ್ಯೂಯಾರ್ಕಿಗೋ ನ್ಯೂಜೆರ್ಸಿಗೋ ಬಂದವರು ಮನೆ, ಬ್ಯಾಂಕು, ಡ್ರೈವಿಂಗ್ ಲೈಸೆನ್ಸ್ ಎಲ್ಲ ಆದ ಮೇಲೆ ನನ್ನನ್ನು ಕೇಳುವುದು ಇದನ್ನೇ: "ಬ್ರಾಡ್‌ವೇಯಲ್ಲಿ ಯಾವ ಶೋ ಚೆನ್ನಾಗಿದೆ?" ಬ್ರಾಡ್‌ವೇ ಅಂದರೆ ಇಲ್ಲಿಯ ದೊಡ್ಡ ರಂಗಮಂದಿರಗಳ ನಾಟಕ. ಒಂದು ಸಲ ನೋಡಿ, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಈ ಊರಿನ ನಾಟಕದ ಜೀವ ಇರುವುದು ಸಣ್ಣ ಜಾಗಗಳಲ್ಲಿ. ಊರ ಮುಂದೆ ರಾತ್ರಿಯಿಡೀ ನಾಟಕ ನೋಡಿ ಬೆಳೆದ ನಮ್ಮ ಕಡೆಯವರಿಗೆ ಅದು ಬೇಗ ಒಗ್ಗುತ್ತದೆ ಅನ್ನುವುದು ನನ್ನ ನಂಬಿಕೆ.

ಬ್ರಾಡ್‌ವೇ, ಆಫ್ ಬ್ರಾಡ್‌ವೇ, ಆಫ್ ಆಫ್ ಬ್ರಾಡ್‌ವೇ ಅಂತ ಮೂರು ಹೆಸರು ಕೇಳುತ್ತೀರಿ. ಇದು ಬರೀ ಬೀದಿಯ ಲೆಕ್ಕ ಅಲ್ಲ, ಮುಖ್ಯವಾಗಿ ಸೀಟಿನ ಲೆಕ್ಕ. 500 ಸೀಟು ಮತ್ತು ಅದಕ್ಕಿಂತ ಜಾಸ್ತಿ ಇದ್ದರೆ ಬ್ರಾಡ್‌ವೇ. 100ರಿಂದ 499ರವರೆಗೆ ಆಫ್ ಬ್ರಾಡ್‌ವೇ. 99 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆಫ್ ಆಫ್ ಬ್ರಾಡ್‌ವೇ. ನಾನು ಹೇಳುತ್ತಿರುವುದು ಮುಖ್ಯವಾಗಿ ಈ ಕೊನೆಯದರ ಬಗ್ಗೆ.

ಇದು ಶುರುವಾದದ್ದು ಕಾಫಿ ಅಂಗಡಿಯಲ್ಲಿ. 1958ರಲ್ಲಿ ಜೋ ಚೀನೋ ಅನ್ನುವವರು ಗ್ರೀನಿಚ್ ವಿಲೇಜಿನ ಕಾರ್ನೀಲಿಯಾ ಸ್ಟ್ರೀಟಿನಲ್ಲಿ ಒಂದು ಕೆಫೆ ತೆರೆದರು. ಅಲ್ಲೇ ಟೇಬಲ್‌ಗಳ ನಡುವೆ ನಾಟಕ ಆಡುತ್ತಿದ್ದರು. ಆಮೇಲೆ ಟೋಪಿ ಹಿಡಿದು ದುಡ್ಡು ಎತ್ತುತ್ತಿದ್ದರು. 1961ರಲ್ಲಿ ಎಲೆನ್ ಸ್ಟುವರ್ಟ್ ಬಂದರು. ಕಪ್ಪು ಹೆಣ್ಣುಮಗಳು, ಕಸುಬು ಬಟ್ಟೆ ಡಿಸೈನ್ ಮಾಡುವುದು. ಒಂದು ನೆಲಮಾಳಿಗೆ ಬಾಡಿಗೆಗೆ ಹಿಡಿದು, ಹೊಸ ನಾಟಕಕಾರರಿಗೆ ಅಂತಲೇ ಲಾ ಮಾಮಾ ಅನ್ನುವ ರಂಗಮಂದಿರ ಶುರು ಮಾಡಿದರು. ನಾಟಕಕ್ಕೆ ಮುಂಚೆ ಅವರೇ ಕೈಗಂಟೆ ಹಿಡಿದುಕೊಂಡು ಬಂದು ಬಾರಿಸುತ್ತಿದ್ದರು, ಬಂದವರನ್ನು ಬಾಯಿ ತುಂಬ ಸ್ವಾಗತಿಸುತ್ತಿದ್ದರು. 2011ರಲ್ಲಿ ಅವರು ತೀರಿಕೊಂಡರು. ಲಾ ಮಾಮಾ ಈಗಲೂ ಈಸ್ಟ್ 4ನೇ ಸ್ಟ್ರೀಟಿನಲ್ಲಿ ನಡೆಯುತ್ತಿದೆ. ನೀವು ಮೊದಲು ಹೋಗಬೇಕಾದ ಜಾಗ ಯಾವುದು ಅಂದರೆ ನಾನು ಇದನ್ನೇ ಹೇಳುತ್ತೇನೆ.

ನಮ್ಮ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಹೇಗೆ ಆಗುತ್ತದೆ ಅಂತ ನಿಮಗೆ ಗೊತ್ತಲ್ವಾ? ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಇಟ್ಟುಕೊಂಡು ತಿಂಗಳುಗಟ್ಟಲೆ ಕಲಿಸುತ್ತಾರೆ. ಪಾತ್ರ ಬೇಕು ಅಂದವನು ಕೈಯಿಂದ ದುಡ್ಡು ಕೊಡುತ್ತಾನೆ. ದುರ್ಯೋಧನನಿಗೆ ಜಾಸ್ತಿ, ಸಣ್ಣ ಪಾತ್ರಕ್ಕೆ ಕಡಿಮೆ. ಆ ದುಡ್ಡಿನಲ್ಲೇ ಸೀನರಿ, ಲೈಟು, ಮೇಕಪ್ಪು. ಹಗಲು ಹೊಲದಲ್ಲಿ, ಅಂಗಡಿಯಲ್ಲಿ ದುಡಿದವನು ರಾತ್ರಿ ಕಿರೀಟ ಇಟ್ಟುಕೊಂಡು ಗದೆ ಹಿಡಿಯುತ್ತಾನೆ. ಇಲ್ಲಿಯ ಸಣ್ಣ ನಾಟಕದವರದೂ ಹೆಚ್ಚುಕಮ್ಮಿ ಇದೇ ಬದುಕು. ಹಗಲು ಹೋಟೆಲಿನಲ್ಲಿ ಕೆಲಸ, ರಾತ್ರಿ ರಿಹರ್ಸಲ್. ಬರುವ ದುಡ್ಡು ಎಷ್ಟೋ ಸಲ ರೈಲಿನ ಖರ್ಚಿಗೂ ಸಾಲುವುದಿಲ್ಲ. ಆದರೂ ಮಾಡುತ್ತಾರೆ. ಅವರನ್ನು ನೋಡಿದರೆ ನನಗೆ ಹೊಟ್ಟೆಯೊಳಗಿಂದ ಗೌರವ ಬರುತ್ತದೆ.

ಹಾಗಂತ ನಮ್ಮಲ್ಲಿ ದೊಡ್ಡ ನಾಟಕ ಇರಲಿಲ್ಲ ಅಂತಲ್ಲ. ಗುಬ್ಬಿಯ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ವೀರಣ್ಣನವರ ಕಾಲದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆ ಬರುತ್ತಿದ್ದವು. ಅದೇ ಕಂಪನಿಯಲ್ಲಿ ಹುಡುಗನಾಗಿದ್ದ ಬಿ.ವಿ. ಕಾರಂತರು ಮುಂದೆ ಹೊಸ ರೀತಿಯ ನಾಟಕಕ್ಕೆ ದಾರಿ ಮಾಡಿದರು. ಆನೆ ತರಿಸಿದ ನಾಟಕವೂ ನಮ್ಮದೇ, ಬರೀ ಒಂದು ಪರದೆ ಹಿಡಿದು ಮಾಡಿದ ನಾಟಕವೂ ನಮ್ಮದೇ. ಇಲ್ಲಿಯವರ ಪ್ರಯೋಗ ನೋಡಿ ನೀವು ಬೆದರಬೇಕಾದ್ದೇನೂ ಇಲ್ಲ.

ಸೋಹೋದಲ್ಲಿ ವೂಸ್ಟರ್ ಸ್ಟ್ರೀಟಿನ 33ನೇ ನಂಬರಿನಲ್ಲಿ ಪರ್ಫಾರ್ಮಿಂಗ್ ಗ್ಯಾರೇಜ್ ಇದೆ. ರಿಚರ್ಡ್ ಶೆಕ್ನರ್ 1967ರಲ್ಲಿ ಕಟ್ಟಿದ ತಂಡ ಇಲ್ಲಿ ಪ್ರೇಕ್ಷಕರ ಸುತ್ತಮುತ್ತ, ಅವರ ನಡುವೆಯೇ ನಾಟಕ ಆಡಿತು. ಇಷ್ಟು ಜಾಗ ನಟರಿಗೆ, ಇಷ್ಟು ಜಾಗ ನೋಡುವವರಿಗೆ ಅಂತ ಗೆರೆ ಇರಲಿಲ್ಲ. ಮೂಡಲಪಾಯ ನೋಡಿದವರಿಗೆ ಇದೇನು ಹೊಸದು ಅನ್ನಿಸಬಹುದು. ಶೆಕ್ನರ್ 1976ರಲ್ಲಿ ತಂಡ ಕಟ್ಟಿಕೊಂಡು ಭಾರತಕ್ಕೂ ಬಂದಿದ್ದರು, ರಾಮನಗರದ ರಾಮಲೀಲೆಯ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದರು. (ನಮ್ಮ ರಾಮನಗರ ಅಲ್ಲ, ಕಾಶಿ ಹತ್ತಿರದ್ದು.) ಈಗ ಆ ಜಾಗ ವೂಸ್ಟರ್ ಗ್ರೂಪ್ ತಂಡದ ಮನೆ. ಫಸ್ಟ್ ಅವೆನ್ಯೂನಲ್ಲಿ ಥಿಯೇಟರ್ ಫಾರ್ ದ ನ್ಯೂ ಸಿಟಿ ಇದೆ. ಇವರು ಬೇಸಿಗೆಯಲ್ಲಿ ಬೀದಿ ನಾಟಕ ಹೊತ್ತುಕೊಂಡು ಊರೆಲ್ಲ ಸುತ್ತುತ್ತಾರೆ, ಪೂರ್ತಿ ಉಚಿತ. ಮಕ್ಕಳನ್ನು ಕರೆದುಕೊಂಡು ಹೋಗಿ. ಜನವರಿಯಲ್ಲಿ ಅಂಡರ್ ದ ರಡಾರ್ ಅನ್ನುವ ನಾಟಕೋತ್ಸವ ಇರುತ್ತದೆ. ಬೇರೆ ಬೇರೆ ದೇಶದ ತಂಡಗಳು ಬರುತ್ತವೆ. ಚಳಿ ಅಂತ ಮನೆಯಲ್ಲಿ ಕೂರಬೇಡಿ.

ಹೋಗುವುದು ಸುಲಭ. ಲಾ ಮಾಮಾಗೆ ಎಫ್ ರೈಲಿನಲ್ಲಿ ಸೆಕೆಂಡ್ ಅವೆನ್ಯೂ ಸ್ಟೇಷನ್, ಇಲ್ಲವೇ 6ನೇ ರೈಲಿನಲ್ಲಿ ಆಸ್ಟರ್ ಪ್ಲೇಸ್. ಜರ್ಸಿ ಸಿಟಿಯವರಿಗೆ ಪಾತ್ ರೈಲಿದೆ. ಎಡಿಸನ್ ಕಡೆಯವರು ವಾಪಸ್ ಹೋಗುವ ರೈಲಿನ ಟೈಮು ಮೊದಲೇ ನೋಡಿಕೊಳ್ಳಿ.

ಇನ್ನು ನೋಡುವುದು ಹೇಗೆ. ಪ್ರಯೋಗದ ನಾಟಕದಲ್ಲಿ ಕಥೆ ಏನು ಅಂತ ಮೊದಲ ಹತ್ತು ನಿಮಿಷದಲ್ಲಿ ಹುಡುಕಬೇಡಿ. ಸುಮ್ನೆ ನೋಡಿ. ನಾನು ನೋಡಿದ ಒಂದರಲ್ಲಿ ನಟಿಯೊಬ್ಬಳು ಮರದ ಕುರ್ಚಿಯಲ್ಲಿ ಕೂತು ಒಂದು ಸಣ್ಣ ಅಂಗಿ ಮಡಚುತ್ತಿದ್ದಳು. ಮಡಚುವುದು, ಕೈಯಿಂದ ಸವರುವುದು, ಮತ್ತೆ ಬಿಚ್ಚುವುದು. ಮಾತಿಲ್ಲ. ನಾನು ಕೂತಿದ್ದ ಜಾಗದಿಂದ ಅಂಗಿಯ ಗುಂಡಿಗೆ ಹಾಕಿದ್ದ ಬೇರೆ ಬಣ್ಣದ ದಾರವೂ ಕಾಣುತ್ತಿತ್ತು. ಅದು ಮಗುವಿನ ಅಂಗಿ ಅಂತ ನಮಗೆ ಹೊಳೆಯುವ ಹೊತ್ತಿಗೆ ಅವಳಿಗೆ ಏನಾಗಿದೆ ಅಂತ ಯಾರೂ ಹೇಳಬೇಕಿರಲಿಲ್ಲ. ಸಾವಿರ ಸೀಟಿನ ರಂಗಮಂದಿರದಲ್ಲಿ ಆ ದಾರ ಕಾಣುವುದಿಲ್ಲ. ಇಂಗ್ಲಿಷ್ ಅಷ್ಟಾಗಿ ಬರದ ಅಪ್ಪ ಅಮ್ಮ ಊರಿಂದ ಬಂದಿದ್ದರೆ ಅವರನ್ನೂ ಇಂಥದ್ದಕ್ಕೆ ಕರೆದುಕೊಂಡು ಹೋಗಬಹುದು.

ಎಲ್ಲ ನಾಟಕವೂ ಚೆನ್ನಾಗಿರುವುದಿಲ್ಲ. ಕೆಲವು ಬೇಸರ ತರಿಸುತ್ತವೆ. ಆದರೂ ನಡುವೆ ಎದ್ದು ಹೋಗಬೇಡಿ, ಸಣ್ಣ ಕೋಣೆಯಲ್ಲಿ ನೀವು ಎದ್ದದ್ದು ನಟರಿಗೆ ಗೊತ್ತಾಗುತ್ತದೆ. ಟೈಮಿಗೆ ಮುಂಚೆ ಹೋಗಿ, ತಡವಾದರೆ ಬಹಳ ಕಡೆ ಒಳಗೆ ಬಿಡುವುದೇ ಇಲ್ಲ. ನಮ್ಮೂರಿನ ಹಾಗೆ ಶಿಳ್ಳೆ, ಒನ್ಸ್ ಮೋರ್ ಇಲ್ಲಿ ಇಲ್ಲ. ಮುಗಿದ ಮೇಲೆ ಎಷ್ಟು ಬೇಕಾದರೂ ಚಪ್ಪಾಳೆ ತಟ್ಟಿ. ಕೆಲವು ದಿನ ನಾಟಕ ಆದ ಮೇಲೆ ನಟರು, ನಿರ್ದೇಶಕರು ಕೂತು ಮಾತಾಡುತ್ತಾರೆ. ಆಗ ಇರಿ, ಪ್ರಶ್ನೆ ಕೇಳಿ. "ನಮ್ಮೂರಲ್ಲಿ ಹೀಗೆ ಮಾಡುತ್ತಾರೆ" ಅಂತ ಹೇಳಿದರೆ ಕಿವಿಗೊಟ್ಟು ಕೇಳುವವರು ಅಲ್ಲಿ ಇರುತ್ತಾರೆ.

ದುಡ್ಡಿನ ವಿಷಯ. ಟೈಮ್ಸ್ ಸ್ಕ್ವೇರಿನ ಕೆಂಪು ಮೆಟ್ಟಿಲ ಕೆಳಗಿನ ಕೌಂಟರಿನಲ್ಲಿ ಕಡಿಮೆ ದರಕ್ಕೆ ಸಿಗುವುದು ಹೆಚ್ಚಾಗಿ ದೊಡ್ಡ ಶೋಗಳ ಟಿಕೆಟ್. ಸಣ್ಣ ನಾಟಕದ ಟಿಕೆಟ್ ಅವರವರ ವೆಬ್‌ಸೈಟಿನಲ್ಲೇ ತೆಗೆದುಕೊಳ್ಳಿ. ಕೈಲಾದಷ್ಟು ಕೊಡಿ ಅನ್ನುವ ದಿನಗಳೂ ಇರುತ್ತವೆ, ವಿದ್ಯಾರ್ಥಿಗಳಿಗೆ ರಿಯಾಯಿತಿಯೂ ಇರುತ್ತದೆ. ಕೆಲವು ಕಡೆ ಟಿಕೆಟ್ ನೋಡಿ ಸೀಟು ತೋರಿಸುವ ಕೆಲಸಕ್ಕೆ ನಿಂತರೆ ನಾಟಕ ಉಚಿತವಾಗಿ ನೋಡಬಹುದು. ಆದರೆ ದುಡ್ಡು ತೆಗೆದುಕೊಂಡು ನಾಟಕದ ಕೆಲಸ ಮಾಡುವ ಮೊದಲು ವೀಸಾ ಬಗ್ಗೆ ತಿಳಿದವರನ್ನು ಕೇಳಿ. ಎಚ್‌1ಬಿ ಇರುವವರು ತಮ್ಮ ಕಂಪನಿ ಬಿಟ್ಟು ಬೇರೆ ಕಡೆ ಅನುಮತಿ ಇಲ್ಲದೆ ದುಡಿಯುವ ಹಾಗಿಲ್ಲ.

ಜಾಸ್ತಿ ಜನಕ್ಕೆ ಗೊತ್ತಿಲ್ಲದ ಜಾಗ ಒಂದಿದೆ. ಲಿಂಕನ್ ಸೆಂಟರಿನಲ್ಲಿರುವ ರಂಗಕಲೆಗಳ ಪಬ್ಲಿಕ್ ಲೈಬ್ರರಿ. 1970ರಿಂದ ಇವರು ನಾಟಕಗಳನ್ನು ವಿಡಿಯೋ ಮಾಡಿ ಇಟ್ಟಿದ್ದಾರೆ. ಲೈಬ್ರರಿ ಕಾರ್ಡು ಮಾಡಿಸಿ, ಮೊದಲೇ ದಿನ ಗೊತ್ತು ಮಾಡಿಕೊಂಡು ಹೋದರೆ ಅಲ್ಲೇ ಕೂತು ನೋಡಬಹುದು. ನಾಟಕ ಕಲಿಯುವ ಆಸೆ ಇದ್ದವರಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಬೇಕಿಲ್ಲ.

ನೋಡುತ್ತಾ ನೋಡುತ್ತಾ ಮಾಡುವ ಆಸೆಯೂ ಬರುತ್ತದೆ. ನಮ್ಮ ಕನ್ನಡ ಕೂಟಗಳಲ್ಲಿ ಯುಗಾದಿಗೋ ರಾಜ್ಯೋತ್ಸವಕ್ಕೋ ನಗೆನಾಟಕ ಆಡುತ್ತೇವೆ, ಒಳ್ಳೆಯದೇ. ಆದರೆ ಊಟಕ್ಕೆ ಮುಂಚೆ ಸಿಗುವ ಇಪ್ಪತ್ತು ನಿಮಿಷದಲ್ಲಿ ಎಲ್ಲವನ್ನೂ ಹೇಳಲು ಆಗುವುದಿಲ್ಲ. ಇಲ್ಲಿ ಮಕ್ಕಳು ಕನ್ನಡ ಮರೆಯುವುದು, ಊರಲ್ಲಿ ಒಬ್ಬರೇ ಉಳಿದ ಅಮ್ಮ, ಲೇ ಆಫ್ ಆದ ಮೇಲೆ ವೀಸಾದವರಿಗೆ ಬೇರೆ ಕೆಲಸ ಹುಡುಕಲು ಉಳಿದ ಅರವತ್ತು ದಿನ, ಇವೆಲ್ಲ ನಾಟಕ ಆಗಬೇಕು. ಸಣ್ಣ ರಂಗಮಂದಿರ ಒಂದು ಸಂಜೆಗೆ ಬಾಡಿಗೆಗೆ ಸಿಗುತ್ತದೆ. ನಾಲ್ಕು ಜನ ಸೇರಿ ಖರ್ಚು ಹಂಚಿಕೊಂಡರೆ ಆಗುವ ಕೆಲಸ. ಹಿಂದುಗಡೆ ಗೋಡೆಯ ಮೇಲೆ ಮಾತಿನ ಅರ್ಥವನ್ನು ಇಂಗ್ಲಿಷಿನಲ್ಲಿ ಬರೆದು ತೋರಿಸಿದರೆ ಪಕ್ಕದ ಬೀದಿಯವರೂ ಬಂದು ಕೂರುತ್ತಾರೆ.

ಮೊದಲ ಸಲ ಒಬ್ಬರೇ ಹೋಗಲು ಹಿಂಜರಿಕೆ ಆದರೆ ನನಗೆ ಹೇಳಿ. ನಾವು ಕೆಲವರು ಶುಕ್ರವಾರ ಸಂಜೆ ಆರು ಗಂಟೆಗೆ ಆಸ್ಟರ್ ಪ್ಲೇಸ್ ಸ್ಟೇಷನ್ ಹೊರಗೆ ಸೇರಿ, ಏನಾದರೂ ತಿಂದು, ನಡೆದುಕೊಂಡೇ ನಾಟಕಕ್ಕೆ ಹೋಗುತ್ತೇವೆ. ದಪ್ಪ ಕೋಟು ಹಾಕಿಕೊಂಡು ಬನ್ನಿ.