ಪತ್ರವಾ, ಪುಸ್ತಕವಾ?: ಕೊಡಗಿನಲ್ಲಿ ಕೋವಿ ಅಂಗಡಿ ಇಟ್ಟ ನನ್ನ ಅನುಭವ

ಅಂಗಡಿ ತೆರೆದ ಮೂರನೇ ದಿನವೇ ಒಬ್ಬ ಗಿರಾಕಿಯನ್ನು ಕಳೆದುಕೊಂಡೆ. ಅವರ ಹಿಂದೆಯೇ ಒಂದು ಇಡೀ ಒಕ್ಕ ಹೋಯಿತು, ಅಂದರೆ ಒಂದೇ ಮನೆತನದ ಇಪ್ಪತ್ತು ಮೂವತ್ತು ಮನೆ. ಇಷ್ಟಕ್ಕೆ ಹಿಡಿದದ್ದು ಒಂದೇ ನಿಮಿಷ.

ಎಪ್ಪತ್ತು ದಾಟಿದ ಅಜ್ಜ. ಹಳೆ ಬೆಡ್‌ಶೀಟ್‌ನಲ್ಲಿ ಸುತ್ತಿದ ಕೋವಿ ಹಿಡಿದು ಬಂದರು. ನಾನು ಗಾಜಿನ ಕೌಂಟರ್ ಹಿಂದೆ ಕೂತವನು ಏಳಲೂ ಇಲ್ಲ. "ಲೈಸೆನ್ಸ್ ತೋರಿಸಿ" ಅಂದೆ. ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಮಗೆ ಲೈಸೆನ್ಸಾ? ಯಾವ ಊರಪ್ಪ ನಿಂದು?"

"ಸಕಲೇಶಪುರ ಕಡೆ."

"ಹಾಗೇ ಅಂದ್ಕೊಂಡೆ."

ಬೆಡ್‌ಶೀಟ್ ಬಿಚ್ಚಿದರು. ಗುಂಡು ಸಿಡಿಸುವ ಸುತ್ತಿಗೆ, ಅಂದರೆ ಹ್ಯಾಮರ್, ಹೊರಗೇ ಕಾಣುವ ಹಳೆ ಜೋಡಿ ನಳಿಗೆ. ನಳಿಗೆಯ ಮೈಮೇಲೆ ಹಾವಿನ ಚರ್ಮದ ಹಾಗೆ ಸುರುಳಿ ಗೆರೆ. ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಹಳೆ ಕಾಲದ ಡಮಾಸ್ಕಸ್ ನಳಿಗೆ. ನಾನು ಕೈಗೂ ತಗೊಳ್ಳದೆ ಹೇಳಿದೆ: "ಇದಕ್ಕೆ ಈಗಿನ ತೋಟಾ ಹಾಕಿದ್ರೆ ನಳಿಗೆ ಒಡೆದು ಕೈ ಹೋಗುತ್ತೆ ಅಜ್ಜ. ಇದು ಗುಜರಿ." ಮೊದಲ ಮಾತು ಪೂರ್ತಿ ಸರಿ, ಇವತ್ತೂ ಅದನ್ನೇ ಹೇಳುತ್ತೇನೆ. ಆದರೆ 'ಗುಜರಿ' ಅನ್ನುವ ಒಂದು ಪದ ನನ್ನ ಎರಡೂವರೆ ವರ್ಷ ತಿಂದಿತು.

ಇದು 2022ರ ಆರಂಭದ ಮಾತು. ಕೋವಿ ರಿಪೇರಿ ಕಲಿತದ್ದು ನನ್ನ ಸೋದರಮಾವನ ಹತ್ತಿರ. ಕೈಕೆಲಸದ ಬಗ್ಗೆ ನನಗೆ ಅನುಮಾನ ಇರಲಿಲ್ಲ, ಈಗಲೂ ಇಲ್ಲ. ಸಡಿಲವಾದ ಜೋಡಿ ನಳಿಗೆಯನ್ನು ನನ್ನಷ್ಟು ಬಿಗಿಯಾಗಿ ಕೂರಿಸುವವರು ಈ ಕಡೆ ಇಬ್ಬರೋ ಮೂವರೋ ಇದ್ದಾರೆ. ಗೊತ್ತಿಲ್ಲದೆ ಇದ್ದದ್ದು ಬಾಗಿಲ ಹತ್ತಿರದ ಕೆಲಸ, ಬಂದವರನ್ನು ಮಾತಾಡಿಸುವುದು.

ಕಸುಬಿನ ಗೆಳೆಯರಿಗೆ ಇದನ್ನು ಹೇಳಿದಾಗ ನಕ್ಕರು. "ಇಡೀ ಜಿಲ್ಲೆಗೆ ಬೆರಳೆಣಿಕೆ ಅಂಗಡಿ. ಗಿರಾಕಿ ಎಲ್ಲಿ ಹೋಗ್ತಾನೆ ಮಾರಾಯ? ನೀನು ಬೈದ್ರೂ ಬರ್ತಾನೆ" ಅಂದರು. ಎಲ್ಲಿ ಹೋಗ್ತಾನೆ ಅಂತ ನಾನು ನೋಡಿದ್ದೇನೆ. ಮೈಸೂರಿಗೆ ಹೋಗ್ತಾನೆ. ಮಗಳಿಗೆ ಸೀರೆ, ಟ್ರ್ಯಾಕ್ಟರ್‌ಗೆ ಬೆಲ್ಟು, ಅದರ ಜೊತೆಗೆ ತೋಟಾ. ಬಸ್ ಚಾರ್ಜಿನ ಲೆಕ್ಕ ಯಾರೂ ಹಾಕಲ್ಲ.

ಲೆಕ್ಕ ನೆನಪಿನಿಂದ ಹೇಳುತ್ತಿದ್ದೇನೆ, ಆಚೀಚೆ ಇರಬಹುದು. ಸ್ಟ್ರಾಂಗ್ ರೂಮು, ಗ್ರಿಲ್ಲು, ಶಟರು, ಕ್ಯಾಮೆರಾ ಎಲ್ಲ ಸೇರಿ 6 ಲಕ್ಷದ ಆಸುಪಾಸು. ಅದು ಮಾಡಲೇಬೇಕಾದ ಖರ್ಚು. ಅದರ ಮೇಲೆ ಗಾಜಿನ ಮುಂಭಾಗ, ಏಸಿ, ಗೋಡೆ ತುಂಬ ಲೈಟು ಅಂತ ಇನ್ನೊಂದು 1.8 ಲಕ್ಷ ಸುರಿದೆ. ಮೈಸೂರಿನ ಒಂದು ಮೊಬೈಲ್ ಅಂಗಡಿ ನೋಡಿ ಬಂದ ಹುಚ್ಚು ಅದು. ಮಳೆಗಾಲದಲ್ಲಿ ಗದ್ದೆಯಿಂದ ನೇರ ಬಂದವರು ಆ ಬಿಳಿ ಟೈಲ್ಸ್ ನೋಡಿ ಹೊರಗೇ ನಿಂತರು. ಒಬ್ಬರಂತೂ ಗಮ್‌ಬೂಟ್ ಬಿಚ್ಚಲು ಹೋಗಿ, ಕಾಲುಚೀಲ ತೂತಾಗಿದೆ ಅಂತ ಗೊತ್ತಾಗಿ, "ಆಮೇಲೆ ಬರ್ತೀನಿ" ಅಂತ ಹೊರಟೇ ಹೋದರು. ಬಾಗಿಲಲ್ಲಿ ಯೂನಿಫಾರ್ಮ್ ಹಾಕಿದ ಗಾರ್ಡ್ ಬೇರೆ, ತಿಂಗಳಿಗೆ 12 ಸಾವಿರ. ಬಂದವರು ಸಾಲ ಕೇಳಲು ಬ್ಯಾಂಕಿಗೆ ಬಂದ ಹಾಗೆ ಮುದುಡಿಕೊಳ್ಳುತ್ತಿದ್ದರು. ಮೊದಲ ನಾಲ್ಕು ತಿಂಗಳಲ್ಲಿ ಮಾರಿದ್ದು ಮೂರು ಕೋವಿ. ರಿಪೇರಿಗೆ ಬಂದದ್ದು ಇಪ್ಪತ್ತೂ ಮುಟ್ಟಲಿಲ್ಲ. ಬಾಡಿಗೆ 14 ಸಾವಿರ ಮಾತ್ರ ತಪ್ಪದೆ ಬಂತು.

ಗಾರ್ಡ್‌ನನ್ನು ಬಾಗಿಲಿಂದ ಎಬ್ಬಿಸಿ ಒಳಗೆ ರಿಜಿಸ್ಟರ್ ಕೆಲಸಕ್ಕೆ ಕೂರಿಸಿದೆ. ಅಕ್ಷರ ಮುತ್ತಿನ ಹಾಗಿತ್ತು, ನನಗೇ ಗೊತ್ತಿರಲಿಲ್ಲ. ಟೈಲ್ಸ್ ಮೇಲೆ ನಾರಿನ ಚಾಪೆ ಹಾಸಿದೆ. ಏಸಿ ಮಾರಿದೆ, ಅರ್ಧ ಬೆಲೆಯೂ ಬರಲಿಲ್ಲ.

ಆಮೇಲೆ ಬಾಯಿ ತಿದ್ದಿಕೊಂಡೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ (ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿ ಇರುವವರಿಗೆ) ಕೋವಿ ಲೈಸೆನ್ಸ್‌ನಿಂದ 1861ರಿಂದ ವಿನಾಯಿತಿ ಇದೆ, 2019ರ ಆದೇಶದಲ್ಲಿ ಅದು 2029ರವರೆಗೆ ಮುಂದುವರಿದಿದೆ ಅನ್ನುವುದು ನಮ್ಮ ಕಸುಬಿನ ಎಲ್ಲರಿಗೂ ಗೊತ್ತು. ಕಾಗದದಲ್ಲಿ ಗೊತ್ತು, ನಾಲಿಗೆಗೆ ಗೊತ್ತಿಲ್ಲ. ವಿನಾಯಿತಿ ಪತ್ರ ಇರುವ ಮನೆಯವರಿಗೆ 'ಲೈಸೆನ್ಸ್' ಅಂದರೆ, ಅವರ ಮನೆಯೊಳಗೆ ನಿಂತು "ನೀವು ಯಾರು?" ಅಂತ ಕೇಳಿದ ಹಾಗೆ. ಲೈಸೆನ್ಸ್ ಪುಸ್ತಕ ಇರುವ ಉಳಿದ ಗಿರಾಕಿಗಳಿಗೆ ಆ ಪದದಿಂದ ತೊಂದರೆ ಇಲ್ಲ. ಎದುರಿಗೆ ನಿಂತವರು ಯಾರು ಅಂತ ಮುಖ ನೋಡಿ ಹೇಳುವುದು ಹೇಗೆ? ಹಾಗಾಗಿ ಈಗ ಎದ್ದು ನಿಂತು, "ಬನ್ನಿ, ಕೂತ್ಕೊಳ್ಳಿ. ಪತ್ರವಾ, ಪುಸ್ತಕವಾ?" ಅಂತೀನಿ. ಅಷ್ಟೇ. ನೋಡುವುದು ಅದೇ ಕಾಗದ, ಬರೆಯುವುದು ಅದೇ ರಿಜಿಸ್ಟರ್, ಒಂದು ಸಾಲೂ ಬಿಡುವುದಿಲ್ಲ. ಆದರೆ ಯಾರೂ ಮುಖ ಗಂಟು ಹಾಕಿಲ್ಲ.

ಇನ್ನೊಂದು, ಕೋವಿ ತಗೊಳ್ಳುವ ರೀತಿ. ಗಾಜಿನ ಕೌಂಟರ್ ತೆಗೆದು ಊಟದ ಮೇಜಿನಷ್ಟು ಎತ್ತರದ ಮರದ ಮೇಜು ಹಾಕಿದೆ. ಮೇಲೆ ಹಸಿರು ದಪ್ಪ ಬಟ್ಟೆ. ಗಾಜಿನ ಮೇಲೆ ಕೋವಿ ಇಟ್ಟರೆ ಟಣ್ ಅನ್ನುತ್ತದೆ, ಯಜಮಾನನ ಎದೆಯೂ ಟಣ್ ಅನ್ನುತ್ತದೆ. ಎರಡೂ ಕೈ ಚಾಚಿ ತಗೊಳ್ಳುತ್ತೇನೆ. ನಳಿಗೆ ಗೋಡೆ ಕಡೆಗೆ. ಬಾಗಿಸಿ ತೆರೆಯುತ್ತೇನೆ, ಬೆರಳು ಹಾಕಿ ಖಾಲಿ ಅಂತ ನೋಡುತ್ತೇನೆ, ಅವರಿಗೂ ತೋರಿಸುತ್ತೇನೆ. ಆಮೇಲೆ ಬಟ್ಟೆಯ ಮೇಲೆ. ಯಾವ ಕೋವಿಯಲ್ಲೂ ಹೊಗಳುವಂಥದ್ದು ಒಂದು ಇದ್ದೇ ಇರುತ್ತದೆ: ಹಿಡಿಯ ಮರ, ಲಾಕಿನ (ಹ್ಯಾಮರ್ ಕೂರುವ ಯಂತ್ರದ) ಮೇಲಿನ ಹೂಬಳ್ಳಿ, ಏನೂ ಇಲ್ಲದಿದ್ದರೆ "ಚೆನ್ನಾಗಿ ಎಣ್ಣೆ ಕಂಡಿದೆ". ಅದನ್ನು ಮೊದಲು ಹೇಳಿ, ದೋಷ ಆಮೇಲೆ. ಇಲ್ಲಿ ಕೋವಿ ಅಂದರೆ ತಾತನದ್ದು. ಸೆಪ್ಟೆಂಬರ್ ಆರಂಭದ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದಿಗೆ ತೋಕ್ ಪೂವು, ಅಂದರೆ ಕೋವಿ ಹೂ, ಇಟ್ಟು ಪೂಜೆ ಮಾಡುವ ವಸ್ತು. ಅದನ್ನು ಸ್ಕ್ರೂಡ್ರೈವರ್ ಎತ್ತುವ ಹಾಗೆ ಎತ್ತಿದರೆ ಮುಗಿಯಿತು.

ಹೊಸಬರು ಯಾರೇ ಬರಲಿ, ಮೊದಲ ಸಲ ನಳಿಗೆ ಕ್ಲೀನಿಂಗ್ ಪುಕ್ಕಟೆ, ಅವರ ಕಣ್ಣೆದುರೇ. ಇಪ್ಪತ್ತು ನಿಮಿಷದ ಕೆಲಸ, ಒಂದು ಲೋಟ ಕಾಫಿ. ಇದಕ್ಕೇ ಗೆಳೆಯರು "ನಿಂದು ಕೋವಿ ಅಂಗಡಿನೋ ಹೋಟೆಲ್ಲೋ?" ಅಂದದ್ದು. ಹಿತ್ತಾಳೆ ಬ್ರಷ್ ಎಳೆದ ಮೇಲೆ ಬಿಳಿ ಬಟ್ಟೆಯಲ್ಲಿ ಬರುವ ಕಪ್ಪು ಕೊಳೆಯನ್ನು ಅವರ ಕೈಗೇ ಕೊಡುತ್ತೇನೆ. ಎರಡನೇ ಬಟ್ಟೆ, ಮೂರನೇ ಬಟ್ಟೆ. ನಾಲ್ಕನೆಯದು ಬಿಳಿಯಾಗಿ ಬಂದಾಗ ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ ಅಂತೀನಿ. ಆಗ ಬರುವ "ಅಯ್ಯೋ!" ಗೆ ಬೆಲೆ ಕಟ್ಟಲಾಗದು. ಹತ್ತರಲ್ಲಿ ಆರೇಳು ಜನ ಆಗಲೇ ಸ್ಪ್ರಿಂಗೋ ಹಿಡಿಯ ಪಾಲಿಶೋ ಮಾಡಿಸುತ್ತಾರೆ. ಹೊಸ ಕೋವಿ, ತೋಟಾ ಮಾರಾಟದಲ್ಲಿ ಉಳಿಯುವುದು ಅಷ್ಟಕ್ಕಷ್ಟೇ ಅಂತ ನಿಮಗೆ ನಾನು ಹೇಳಬೇಕಾ?

ತಪ್ಪು ಅಷ್ಟಕ್ಕೇ ನಿಲ್ಲಲಿಲ್ಲ. ಗಂಡ ಹೆಂಡತಿ ಬಂದಾಗ ಅರ್ಧ ಗಂಟೆ ಗಂಡನಿಗೇ ವಿವರಿಸಿದೆ. ಕೊನೆಗೆ ಅವರು, "ಕೋವಿ ಅವಳದ್ದು. ಪಂದ್ಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋದೂ ಅವಳೇ. ನಾನು ಡ್ರೈವರ್" ಅಂದರು. ಪತ್ರದಲ್ಲಿ ಹೆಸರು ಓದಿದ್ದರೆ ಸಾಕಿತ್ತು. ಇನ್ನೊಮ್ಮೆ, ರಿನ್ಯೂವಲ್ ನೆನಪಿಸಲು ಎಲ್ಲರಿಗೂ ಮೆಸೇಜ್ ಕಳಿಸುವ ಏರ್ಪಾಡು ಮಾಡಿದೆ. ಮೊದಲ ವಾರವೇ ತೀರಿಹೋದವರ ನಂಬರಿಗೆ ಮೆಸೇಜ್ ಹೋಗಿ, ಮಗ ಫೋನ್ ಮಾಡಿ ಅತ್ತರು. ಈಗ ಮೂರು ತಿಂಗಳು ಮೊದಲೇ ನಾನೇ ಫೋನ್ ಮಾಡುತ್ತೇನೆ. ಮೊದಲು ಮನೆಯವರೆಲ್ಲ ಹೇಗಿದ್ದಾರೆ ಅಂತ ಕೇಳುತ್ತೇನೆ.

ಇಲ್ಲ ಅನ್ನುವುದನ್ನೂ ಕಲಿಯಬೇಕಾಯಿತು. ಕುಡಿದು ಬಂದವರಿಗೆ, ಅಣ್ಣನ ಜೊತೆ ಗಡಿ ಜಗಳ ಅಂತ ಕೂಗಾಡುತ್ತಾ ತೋಟಾ ಕೇಳುವವರಿಗೆ ಕಾಗದ ಎಷ್ಟೇ ಸರಿ ಇದ್ದರೂ ಅವತ್ತು ಕೊಡಲ್ಲ. ಒಮ್ಮೆ "ಸ್ಟಾಕ್ ಇಲ್ಲ" ಅಂದೆ, ನನ್ನ ತಲೆಯ ಹಿಂದೆಯೇ ಶಕ್ತಿಮಾನ್ ತೋಟಾದ ಡಬ್ಬಗಳು ಸಾಲಾಗಿ ಕೂತಿದ್ದವು! ಆ ದೊಂಬಿ ನೆನೆದರೆ ಈಗಲೂ ಬೆವರುತ್ತೇನೆ. ಅಂದಿನಿಂದ ತೋಟಾ ಒಂದೂ ಕಣ್ಣಿಗೆ ಬೀಳದ ಹಾಗೆ ಒಳಗೆ. ಬೇಟೆಯ ಮಾತು ತೆಗೆದರೂ ಅಷ್ಟೇ, ಕಾಫಿ ಕೊಟ್ಟು ಕಳಿಸುತ್ತೇನೆ. ಇಂಥವರನ್ನು ಮನೆಗೆ ಕಳಿಸಲು ನಾನು ಹೇಳುವ ಒಂದು ಮಾತಿದೆ, ಇದುವರೆಗೆ ಸೋತಿಲ್ಲ. ಅದನ್ನು ಇಲ್ಲಿ ಬರೆದರೆ ಕೆಲಸ ಮಾಡುವುದು ನಿಂತುಹೋಗುತ್ತದೆ.

ದುಡ್ಡು ಕಂಡದ್ದು ಚುನಾವಣೆಯಲ್ಲಿ, ಆಗ ಮನೆಯ ಕೋವಿಗಳನ್ನು ಠಾಣೆಯಲ್ಲೋ ಅಂಗಡಿಯಲ್ಲೋ ಇಡುತ್ತಾರೆ. 2023ರ ವಿಧಾನಸಭೆ ಸಲ ನಾನು ಸುಮ್ನೆ ಕೂತಿದ್ದೆ. ಠಾಣೆಯಲ್ಲಿಟ್ಟ ಕೋವಿಗಳು ವಾಪಸ್ ಬಂದ ಮೇಲೆ ತುಕ್ಕು ತೆಗೆಸಲು ನನ್ನ ಹತ್ತಿರ ಸಾಲು ನಿಂತಾಗ ಬುದ್ಧಿ ಬಂತು. 2024ರ ಲೋಕಸಭೆಗೆ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತಲ್ಲ, ಅದಕ್ಕೆ ತಿಂಗಳ ಮೊದಲೇ ಸೇಫ್ ಕಸ್ಟಡಿಗೆ, ಅಂದರೆ ಚುನಾವಣೆ ಮುಗಿಯುವವರೆಗೆ ಕೋವಿ ಕಾಪಾಡಿ ಇಡಲು, ಜಾಗ ಸಿದ್ಧ ಮಾಡಿದ್ದೆ. ಪ್ರತಿ ಕೋವಿಗೂ ಹತ್ತಿ ಚೀಲ, ಯಜಮಾನರ ಹೆಸರಿನ ಚೀಟಿ, ಒಳಗೆ ಇಡುವ ಮೊದಲು ಇಬ್ಬರೂ ನೋಡಿ ಗೀರು, ತಗ್ಗು ಎಲ್ಲ ಬರೆದು ಸಹಿ. ತಿಂಗಳಿಗೆ 300 ರೂಪಾಯಿ. "ಠಾಣೆಯಲ್ಲಿ ಪುಕ್ಕಟೆ ಇಡೋದಕ್ಕೆ ನಿಂಗ್ಯಾಕೆ ದುಡ್ಡು ಕೊಡ್ತಾರೆ?" ಅಂತ ಅದೇ ಗೆಳೆಯರು. ನೂರಾ ಹತ್ತೋ ಹದಿನೈದೋ ಬಂದವು. ಜೂನ್‌ನಲ್ಲಿ ಸಂಹಿತೆ ಮುಗಿಯುವಾಗ ಮಳೆ ಹಿಡಿದಿತ್ತು. ಎಣ್ಣೆ ಹಚ್ಚಿ ಒರೆಸಿದ ಕೋವಿಯನ್ನು ಚೀಲದಿಂದ ತೆಗೆದು ಕೊಟ್ಟಾಗ ಅರ್ಧ ಜನ ಆಗಲೇ ಆಗಸ್ಟಿನ ಸರ್ವೀಸಿಗೆ ಮುಂಗಡ ಕೊಟ್ಟು ಹೋದರು. ಅದೊಂದು ವರ್ಷದಲ್ಲಿ ಗಾಜು, ಏಸಿಯ ನಷ್ಟ ತೀರಿತು. ಈಗ ಆ ಗೆಳೆಯರಲ್ಲಿ ಒಬ್ಬರು ಹತ್ತಿ ಚೀಲ ಎಲ್ಲಿ ಹೊಲಿಸಿದ್ದು ಅಂತ ಕೇಳಿದ್ದಾರೆ. ಹೇಳಿಲ್ಲ.

ತುಕ್ಕಿನ ಮಾತು ಬಂತು, ಒಂದು ಮಳೆಗಾಲ ಮಾಡಿದ ಹುಚ್ಚಾಟ ಹೇಳಿಬಿಡುತ್ತೇನೆ. ಹಳೆ ಕಬ್ಬಿಣದ ಪೈಪಿನ ನಾಲ್ಕು ತುಂಡು. ಒಂದಕ್ಕೆ ಕೊಬ್ಬರಿ ಎಣ್ಣೆ, ಒಂದಕ್ಕೆ ಹೊಲಿಗೆ ಮೆಷಿನ್ ಎಣ್ಣೆ, ಒಂದನ್ನು ಎಣ್ಣೆ ಹಚ್ಚಿ ಚರ್ಮದ ಕೇಸಿನೊಳಗೆ, ಒಂದಕ್ಕೆ ನನ್ನದೇ ಮಿಶ್ರಣ. ಜೂನ್‌ನಿಂದ ಆಗಸ್ಟ್‌ವರೆಗೆ ಬಿಟ್ಟೆ. ಎಲ್ಲಕ್ಕಿಂತ ಕೆಟ್ಟದ್ದು ಚರ್ಮದ ಕೇಸು. ಚರ್ಮ ತೇವ ಹಿಡಿದಿಟ್ಟುಕೊಂಡು ಪೈಪಿನ ಮೈಯೆಲ್ಲ ಕೆಂಪು. ಕೊಬ್ಬರಿ ಎಣ್ಣೆ ತುಕ್ಕು ತಡೆಯಿತು, ಆದರೆ ಅಂಟಾಯಿತು. ಮೆಷಿನ್ ಎಣ್ಣೆ ಹದಿನೈದು ದಿನಕ್ಕೊಮ್ಮೆ ಹಚ್ಚಿದರೆ ಪರವಾಗಿಲ್ಲ. ನಾಲ್ಕನೆಯದರಲ್ಲಿ ಏನಿತ್ತು ಅಂತ ಕೇಳಬೇಡಿ. ಒಂದು ವಸ್ತು ಅಡುಗೆಮನೆಯದ್ದು, ಅಷ್ಟು ಸಾಕು. ಬೀರುವಿನೊಳಗೆ ಬಲ್ಬು ಉರಿಸುವ ಎಸ್ಟೇಟ್ ಪದ್ಧತಿಯನ್ನೂ ನೋಡಿದೆ. ಕಬ್ಬಿಣಕ್ಕೆ ಒಳ್ಳೆಯದು, ಹಿಡಿಯ ಮರ ಮಾತ್ರ ಒಣಗಿ ಸೀಳು ಬಿಟ್ಟಿತು. ವರ್ಷಕ್ಕೊಮ್ಮೆ ಅಗಸೆ ಎಣ್ಣೆ ತಿನ್ನಿಸಿದರೆ ಸರಿ.

ಇನ್ನೊಂದು ಹುಚ್ಚಾಟ ಏರ್‌ಗನ್ನಿನದು. ಹಿತ್ತಿಲಲ್ಲಿ ಮರಳು ಚೀಲ ಒಟ್ಟಿ, ಶನಿವಾರ ಮಧ್ಯಾಹ್ನ ಮಕ್ಕಳಿಗೆ ಹತ್ತು ಪೆಲೆಟ್‌ಗೆ (ಏರ್‌ಗನ್ನಿನ ಸಣ್ಣ ಗುಂಡಿಗೆ) 20 ರೂಪಾಯಿ. ನಳಿಗೆಯ ಅಳತೆ ಪಾಯಿಂಟ್ 177, ಹೊಡೆತದ ಶಕ್ತಿ 20 ಜೂಲ್ ಒಳಗೆ, ಲೈಸೆನ್ಸ್ ಬೇಡ. ಆದರೂ ಮಾರುವಾಗ ಗುರುತಿನ ಚೀಟಿ ಪ್ರತಿ ಇಟ್ಟುಕೊಂಡೇ ಕೊಡುತ್ತೇನೆ. ಮಗು ಒಂದೇ ಬಂದರೆ ಸೇರಿಸಲ್ಲ, ಹಿರಿಯರು ಪಕ್ಕದಲ್ಲಿ ನಿಲ್ಲಬೇಕು. ಲೆಕ್ಕ ನೋಡಿದರೆ ಇದು ನಷ್ಟದ ಬಾಬತ್ತು, ಪೆಲೆಟ್ ದುಡ್ಡೂ ಹುಟ್ಟಲ್ಲ. ಹೆಂಡತಿ ನಿಲ್ಲಿಸಿ ಅಂದಳು. ಆದರೆ ಆ ಹಿರಿಯರು ಅಂತ ಬಂದು ನಿಲ್ಲುವವರು ಹೆಚ್ಚಾಗಿ ತಾಯಂದಿರು. ಬೆಂಚಿನ ಮೇಲೆ ಕೂತು ಅಂಗಡಿಯನ್ನು ಮೂಲೆಮೂಲೆ ನೋಡುತ್ತಾರೆ. ಯಾರ ಕೋವಿಯನ್ನು ಹೇಗೆ ಹಿಡಿದೆ, ಯಾರಿಗೆ ಏನು ಮಾತಾಡಿದೆ, ಎಲ್ಲ.

ಅವರಲ್ಲಿ ಒಬ್ಬರು 2024ರ ಆಗಸ್ಟ್ ಕೊನೆಯಲ್ಲಿ, ಕೈಲ್ ಪೊಳ್ದಿಗೆ ವಾರ ಇರುವಾಗ, ಜೀಪಿನಿಂದ ಒಂದು ಬೆಡ್‌ಶೀಟ್ ಸುತ್ತಿದ ಕೋವಿ ಇಳಿಸಿದರು. ಬೆಡ್‌ಶೀಟ್ ನೋಡಿಯೇ ನನಗೆ ಗೊತ್ತಾಯಿತು. "ಮಾವ ಜೀಪಲ್ಲೇ ಇದ್ದಾರೆ. ಒಳಗೆ ಬರಲ್ವಂತೆ" ಅಂದರು. ಎರಡೂ ಕೈಯಲ್ಲಿ ತಗೊಂಡು, ತೆರೆದು ನೋಡಿ, ಹಸಿರು ಬಟ್ಟೆಯ ಮೇಲೆ ಇಟ್ಟೆ. ಆಮೇಲೆ ಕಾಫಿ ಲೋಟ ಹಿಡಿದು ನಾನೇ ಜೀಪಿನ ಹತ್ತಿರ ಹೋದೆ. "ಅಜ್ಜ, ತೋಟಾ ಮಾತ್ರ ಇದಕ್ಕೆ ಕೊಡಲ್ಲ. ಪೂಜೆಗೆ ಇಡೋ ಹಾಗೆ ಮಾಡ್ಕೊಡ್ತೀನಿ" ಅಂದೆ. ಅವರು ಲೋಟ ತಗೊಂಡು ಒಂದು ಗುಟುಕು ಕುಡಿದರು. "ಸಕ್ಕರೆ ಜಾಸ್ತಿ" ಅಂದರು. ಆ ತಿಂಗಳಲ್ಲಿ ಅದೇ ಒಕ್ಕದಿಂದ ಒಂಬತ್ತು ಕೋವಿ ಬಂದವು.

ಅಜ್ಜನ ಕೋವಿಯ ಬಲಗಡೆ ಹ್ಯಾಮರ್ ಮಾತ್ರ ಇನ್ನೂ ನೆಟ್ಟಗೆ ನಿಲ್ಲುತ್ತಿಲ್ಲ. ಒಳಗಿನ ಮೇನ್ ಸ್ಪ್ರಿಂಗ್ ಸತ್ತಿದೆ. ನಾನೇ ಎರಡು ಮಾಡಿ ನೋಡಿದೆ, ಒಂದು ಮುರಿಯಿತು, ಇನ್ನೊಂದು ಬಾಗಿತು. ಹಳೆ ಸೈಡ್‌ಲಾಕ್ ಹ್ಯಾಮರ್ ಕೋವಿಯ ಬಲಗಡೆ ಸ್ಪ್ರಿಂಗ್ ನಿಮ್ಮ ಯಾರ ಡಬ್ಬದಲ್ಲಾದರೂ ಬಿದ್ದಿದ್ದರೆ ತಿಳಿಸಿ. ಅಳತೆ ಕಳಿಸುತ್ತೇನೆ, ಬೆಲೆ ಕೂತು ಮಾತಾಡೋಣ.